ಕೆಮ್ಮಣ್ಣಿನ ಮೇಲೆ ಮೂರಡಿ ಟ್ಯಾಂಕ್: ಸಿಲಿಂಡರ್ ಇಲ್ಲದೆ ಗಿಡ ಬೆಳೆಸಿದ ನನ್ನ ಅನುಭವ

ಕೆಮ್ಮಣ್ಣು ಹಾಕಿದರೆ ಆರು ತಿಂಗಳಲ್ಲಿ ಟ್ಯಾಂಕ್ ಕೊಳೆತು ನಾರುತ್ತದೆ, ನೀರು ತಿಳಿಯಾಗುವುದೇ ಇಲ್ಲ, ಪಾಚಿ ಬಿಟ್ಟು ಇನ್ನೇನೂ ಬೆಳೆಯುವುದಿಲ್ಲ. ಅಕ್ವೇರಿಯಂ ಹವ್ಯಾಸದ ಗೆಳೆಯರಲ್ಲಿ ಮುಕ್ಕಾಲು ಪಾಲು ಜನ ಹೇಳಿದ್ದು ಇದೇ. ಆದರೂ ಕೆಮ್ಮಣ್ಣನ್ನೇ ಹಾಕಿ ಕಟ್ಟಿದ ನನ್ನ ಟ್ಯಾಂಕಿಗೆ ಈಗ ಎರಡು ವರ್ಷ ದಾಟಿದೆ. ಮೂರಡಿ ಉದ್ದ, ಅಗಲ ಎತ್ತರ ಎರಡೂ ಒಂದೂವರೆ ಅಡಿ. ಗಿಡಕ್ಕೆ ಅನಿಲ ಕೊಡುವ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಲ್ಲ, ಬಾಟಲಿ ಗೊಬ್ಬರ ಇಲ್ಲ, ಅಕ್ವೇರಿಯಂ ಗಿಡಕ್ಕೆಂದೇ ಚೀಲದಲ್ಲಿ ಮಾರುವ ವಿದೇಶಿ ಮಣ್ಣು, ಅಂದರೆ ಅಕ್ವಾಸಾಯಿಲ್, ಇಲ್ಲ. ಕ್ರಿಪ್ಟೊಕೋರೈನ್ ಗಿಡ ಮುಂದಿನ ಗಾಜಿನವರೆಗೂ ಹಬ್ಬಿದೆ, ವ್ಯಾಲಿಸ್ನೇರಿಯಾ ತಿಂಗಳಿಗೆ ಒಂದು ಬುಟ್ಟಿ ಕೀಳುವಷ್ಟು ಮರಿ ಹಾಕುತ್ತದೆ. ಅನುಮಾನ ಪಟ್ಟವರಲ್ಲಿ ಮೂರ್ನಾಲ್ಕು ಜನ ಈಗ ತಾವೇ ಮಣ್ಣು ಜರಡಿ ಹಿಡಿಯುತ್ತಿದ್ದಾರೆ. ಮಣ್ಣಿನ ಮೇಲೆ ಮರಳು ಮುಚ್ಚುವ, ಲೇಖಕಿ ಡಯಾನಾ ವಾಲ್‌ಸ್ಟಾಡ್ ಹೆಸರಿನ ಪದ್ಧತಿ ಹವ್ಯಾಸಿಗಳಿಗೆಲ್ಲ ಗೊತ್ತು, ಅದನ್ನು ವಿವರಿಸುವುದಿಲ್ಲ. ನಮ್ಮ ಮಣ್ಣು, ನಮ್ಮ ನೀರಿಗೆ ಅದನ್ನು ಒಗ್ಗಿಸಿಕೊಂಡದ್ದು ಹೇಗೆ ಎಂಬುದಷ್ಟೇ ಇಲ್ಲಿದೆ.

ಮೊದಲು ದುಡ್ಡು. ಈ ಅಳತೆಯ ಟ್ಯಾಂಕಿಗೆ ಎರಡು ಇಂಚು ಅಕ್ವಾಸಾಯಿಲ್ ಹಾಕಲು ಸುಮಾರು 21 ಲೀಟರ್ ಬೇಕು. ಅಂದರೆ 9 ಲೀಟರಿನ ಮೂರು ಚೀಲ, ಹತ್ತು ಸಾವಿರದ ಆಸುಪಾಸು. ಸಿಲಿಂಡರ್, ರೆಗ್ಯುಲೇಟರ್, ಸೊಲೆನಾಯ್ಡ್, ಡಿಫ್ಯೂಸರ್ ಸೇರಿ ಇನ್ನೊಂದು ಹನ್ನೆರಡು ಸಾವಿರ, ರೀಫಿಲ್ ಖರ್ಚು ಬೇರೆ. ನನಗೆ ಮಣ್ಣು ಪುಕ್ಕಟೆ. ವಾಟರ್ ಫಿಲ್ಟರ್‌ಗೆ ಹಾಕುವ ಸಿಲಿಕಾ ಮರಳು ಒಂದು ಚೀಲ ನಾನೂರು, 30 ವ್ಯಾಟ್‌ನ ಎರಡು ಎಲ್‌ಇಡಿ ಫ್ಲಡ್‌ಲೈಟ್ ಸಾವಿರದ ಇನ್ನೂರು, ಟೈಮರ್ ನಾನೂರು, ಸಣ್ಣ ಇಂಟರ್ನಲ್ ಫಿಲ್ಟರ್ ಒಂಬೈನೂರು. ಗಾಜು, ಸ್ಟ್ಯಾಂಡ್ ಬಿಟ್ಟರೆ ಮೂರು ಸಾವಿರದೊಳಗೆ ಮುಗಿದಿದೆ. ಬಿಗಿ ಹಿಡಿಯಬಾರದ ಖರ್ಚು ಒಂದೇ: ಅಮೋನಿಯಾ, ನೈಟ್ರೈಟ್, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ನೋಡುವ ಹನಿ ಹಾಕುವ ಟೆಸ್ಟ್ ಕಿಟ್. ಪಟ್ಟಿ ಅದ್ದಿ ನೋಡುವ ಅಗ್ಗದ ಕಿಟ್ ಮಣ್ಣಿನ ಟ್ಯಾಂಕಿಗೆ ಸಾಲದು, ಅದರಲ್ಲಿ ಬಹುತೇಕ ಅಮೋನಿಯಾ ಪಟ್ಟಿಯೇ ಇರುವುದಿಲ್ಲ.

ಮಣ್ಣು ಎಲ್ಲಿಂದ ತರುತ್ತೀರಿ ಎಂಬುದರಲ್ಲೇ ಅರ್ಧ ಕೆಲಸ ಇದೆ. ನರ್ಸರಿಯ ಕೆಮ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ, ಕೆಲವೊಮ್ಮೆ ಡಿಎಪಿ ಬೆರೆತಿರುತ್ತದೆ. ಬೇವಿನ ಹಿಂಡಿ ಇದ್ದರೆ ಸೀಗಡಿ ಬದುಕುವುದಿಲ್ಲ. ಹೊಲದ ಮೇಲ್ಮಣ್ಣಿನಲ್ಲಿ ಏನೇನು ಸಿಂಪಡಿಸಿದ್ದಾರೋ ಹೇಳಲಾಗದು. ನಾನು ತಂದಿದ್ದು ಮನೆ ಪಾಯಕ್ಕೆ ತೋಡಿದ ಗುಂಡಿಯಿಂದ, ಮೂರು ನಾಲ್ಕು ಅಡಿ ಕೆಳಗಿನದು. ಅದರಲ್ಲಿ ಸಾವಯವ ಅಂಶ ಬಹಳ ಕಡಿಮೆ, ಕಬ್ಬಿಣ ಧಾರಾಳ. ತರುವ ಮುನ್ನ ಎರಡು ಪರೀಕ್ಷೆ ಮಾಡಿ. ಒಂದು ಹಿಡಿ ಮಣ್ಣಿಗೆ ವಿನೆಗರ್ ಸುರಿಯಿರಿ, ನೊರೆ ಬಂದರೆ ಸುಣ್ಣದ ಹರಳು ಇದೆ, ಬಿಟ್ಟುಬಿಡಿ. ಇನ್ನೊಂದು, ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು ತುಂಬಿ ಚೆನ್ನಾಗಿ ಕುಲುಕಿ ಒಂದು ದಿನ ಇಡಿ. ಅಡಿಯಲ್ಲಿ ಮರಳು, ಮೇಲೆ ಹೂಳು, ಅದರ ಮೇಲೆ ಜೇಡಿ ಕೂರುತ್ತದೆ. ಜೇಡಿಯ ಪದರವೇ ಅರ್ಧಕ್ಕಿಂತ ಹೆಚ್ಚಿದ್ದರೆ ಆ ಮಣ್ಣು ಬೇಡ. ಬೇರಿನ ಸುತ್ತ ನೀರೇ ಆಡುವುದಿಲ್ಲ.

ಬರೀ ಪಾಯದ ಮಣ್ಣಲ್ಲಿ ಸಾರಜನಕ ತೀರಾ ಕಡಿಮೆ, ಗಿಡ ಒಂದೆರಡು ತಿಂಗಳಲ್ಲಿ ಹಳದಿಗೆ ತಿರುಗುತ್ತದೆ. ಏಳು ಪಾಲು ಮಣ್ಣಿಗೆ ಒಂದು ಪಾಲು ಎರೆಗೊಬ್ಬರ ಸಾಕು. ನನ್ನ ಟ್ಯಾಂಕಿಗೆ ಹತ್ತು ಲೀಟರ್ ಮಣ್ಣಿಗೆ ಒಂದೂವರೆ ಲೀಟರಿಗಿಂತ ಸ್ವಲ್ಪ ಕಡಿಮೆ. ಇದನ್ನು ಹಾಗೇ ಟ್ಯಾಂಕಿಗೆ ಹಾಕಿದವರದ್ದೇ ಕೊಳೆತು ನಾರಿದ ಕತೆಗಳು. ಟಬ್ಬಿನಲ್ಲಿ ಒಂದು ದಿನ ನೆನೆಸಿ, ತೇಲಿದ ಕಡ್ಡಿ ಕಸ ತೆಗೆದು, ನೀರು ಬಸಿದು, ಟಾರ್ಪಾಲಿನ ಮೇಲೆ ಎರಡು ಇಂಚಿನಷ್ಟು ಹರಡಿ ಪೂರ್ತಿ ಒಣಗಿಸಬೇಕು. ಮತ್ತೆ ನೆನೆಸಬೇಕು, ಮತ್ತೆ ಒಣಗಿಸಬೇಕು. ಹೀಗೆ ನಾಲ್ಕೈದು ಸಲ. ನೆನೆದು ಒಣಗುವ ಪ್ರತಿ ಸುತ್ತಿನಲ್ಲೂ ಸೂಕ್ಷ್ಮಜೀವಿಗಳು ಸಾವಯವ ಅಂಶವನ್ನು ಒಡೆಯುತ್ತವೆ, ಅದರಿಂದ ಬಂದ ಅಮೋನಿಯಂ ಅಂಶ ನೈಟ್ರೇಟ್ ಆಗಿ ಬದಲಾಗಿ ಬಸಿದ ನೀರಿನ ಜೊತೆ ಒಂದಿಷ್ಟು ಹೊರಗೆ ಹೋಗುತ್ತದೆ. ಎಷ್ಟು ಸುತ್ತು ಎಂದು ಲೆಕ್ಕ ಇಡುವ ಬದಲು ನೆನೆಸಿದ ನೀರಿನ ಅಮೋನಿಯಾವನ್ನೇ ಟೆಸ್ಟ್ ಮಾಡಿ. ಮೊದಲ ಸಲ ಕಿಟ್ಟಿನ ಬಣ್ಣದ ಪಟ್ಟಿಯನ್ನೇ ಮೀರುತ್ತದೆ. ಅರ್ಧ ಪಿಪಿಎಂಗೆ (ಹತ್ತು ಲಕ್ಷಕ್ಕೆ ಅರ್ಧ ಪಾಲು) ಇಳಿದಾಗ ಮಣ್ಣು ಸಿದ್ಧ. ಫೆಬ್ರುವರಿಯಿಂದ ಏಪ್ರಿಲ್ ಒಳಗೆ ಮಾಡಿದರೆ ಒಂದು ಸುತ್ತಿಗೆ ಎರಡು ಮೂರು ದಿನ. ಜುಲೈನಲ್ಲಿ ಶುರು ಮಾಡಿದರೆ ಮಣ್ಣು ಒಣಗುವ ಬದಲು ಬೂಸ್ಟು ಹಿಡಿಯುತ್ತದೆ.

ಕೊನೆಗೆ ಎರಡು ಮಿಲಿಮೀಟರಿನ ಜರಡಿ. ಗಾರೆ ಕೆಲಸದವರ ಜರಡಿ ದೊಡ್ಡದಾಯಿತು, ಧಾನ್ಯದ ಜರಡಿ ಸರಿ. ಜರಡಿ ಹಿಡಿದ ಮಣ್ಣನ್ನು ಮತ್ತೆ ಒದ್ದೆ ಮಾಡಿಯೇ ತಳಕ್ಕೆ ಹಾಕಬೇಕು. ಒಣ ಮಣ್ಣು ಹಾಕಿ ನೀರು ಬಿಟ್ಟರೆ ಒಳಗೆ ಸಿಕ್ಕ ಗಾಳಿ ಗುಳ್ಳೆಯಾಗಿ ಎದ್ದು ಮರಳನ್ನು ಸೀಳಿಕೊಂಡು ಬರುತ್ತದೆ. ಮಣ್ಣು ಒಂದು ಇಂಚು, ಮೇಲೆ ಮರಳು ಒಂದೂಕಾಲು ಇಂಚು. ಮುಂಭಾಗದ ಗಾಜಿಗೆ ಮಣ್ಣು ಕಾಣದಂತೆ ಒಂದೂವರೆ ಇಂಚು ಅಂಚು ಬಿಟ್ಟು ಅಲ್ಲಿ ಮರಳನ್ನೇ ತುಂಬಿ. ಗಾಜಿಗೆ ತಾಗಿದ ಮಣ್ಣಿಗೆ ಬೆಳಕು ಬಿದ್ದರೆ ಹಸಿರು ಪಾಚಿ ಅಲ್ಲಿಂದಲೇ ಶುರುವಾಗುತ್ತದೆ.

ಕೆಟ್ಟ ಟ್ಯಾಂಕುಗಳಿಂದ ಕಲಿತದ್ದನ್ನು ಬಿಡಿಸಿ ಹೇಳಬೇಕು, ಅಲ್ಲಿ ಹೋದ ದುಡ್ಡೇ ಹೆಚ್ಚು. ಕೊಕೊಪೀಟ್ ಬೆರೆಸಿದ ಕುಂಡದ ಮಿಶ್ರಣ ಎರಡಡಿ ಟ್ಯಾಂಕಿನಲ್ಲಿ ವಾರದೊಳಗೆ ತೇಲಿತು, ಮರಳು ಕೆಳಗೆ ಇಳಿಯಿತು, ಎಲ್ಲ ಬಗ್ಗಡ. ಎಂ-ಸ್ಯಾಂಡ್ ಮುಚ್ಚಿದ ಟ್ಯಾಂಕಿನಲ್ಲಿ ಕಲ್ಲುಪುಡಿಯೆಲ್ಲ ಸಂದುಗಳಲ್ಲಿ ಕೂತು ಸಿಮೆಂಟಿನಂತೆ ಗಟ್ಟಿಯಾಯಿತು. ಬೇರು ಇಳಿಯಲಿಲ್ಲ, ಕೆಳಗೆ ಕಪ್ಪು ಮಚ್ಚೆ ಎದ್ದು, ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ. ಒಂದರಿಂದ ಎರಡು ಮಿಲಿಮೀಟರಿನ ಫಿಲ್ಟರ್ ಮರಳಿಗೆ ಬದಲಾಯಿಸಿದ ಮೇಲೆ ಆ ತೊಂದರೆ ಮರುಕಳಿಸಿಲ್ಲ. ಮೂರು ಇಂಚು ಮಣ್ಣು ಹಾಕಿದ ಟ್ಯಾಂಕಿನದ್ದೂ ಅದೇ ಗತಿ: ಆಮ್ಲಜನಕ ಅಷ್ಟು ಆಳಕ್ಕೆ ಇಳಿಯುವುದಿಲ್ಲ, ಗಿಡದ ಬೇರು ಮುಟ್ಟುವ ಮೊದಲೇ ಹೈಡ್ರೋಜನ್ ಸಲ್ಫೈಡ್ ಎದ್ದಿತು. ಗಡಸು ನೀರು ಸಿಗಲೆಂದು ಕೆಲವರು ಮಣ್ಣಿಗೆ ಜಿಪ್ಸಂ ಸೇರಿಸುತ್ತಾರೆ. ಅದು ಸಲ್ಫೇಟ್, ಅದೇ ಗ್ಯಾಸಿಗೆ ಮೇವು ಹಾಕಿದ ಹಾಗೆ. ಈ ಮೂರು ಟ್ಯಾಂಕುಗಳಲ್ಲಿ ಮೀನು, ಗಿಡ, ಮರಳು ಸೇರಿ ಐದಾರು ಸಾವಿರ ಕೈಬಿಟ್ಟಿತು.

ನೀರಿನ ವಿಷಯಕ್ಕೆ ಬಂದರೆ, ಹವ್ಯಾಸಿಗಳ ಸಲಹೆಗಳು ಒಂದಕ್ಕೊಂದು ತಾಳೆಯಾಗದಿರುವುದಕ್ಕೆ ಮುಖ್ಯ ಕಾರಣ ಇಲ್ಲೇ ಇದೆ. ಒಬ್ಬರ ಮನೆಯಲ್ಲಿ ಕಾವೇರಿ, ಇನ್ನೊಬ್ಬರಲ್ಲಿ ಬೋರ್‌ವೆಲ್, ಮತ್ತೊಬ್ಬರದ್ದು ಮಳೆನೀರು. ನೀರಿನ ಗಡಸುತನ ಹೇಳದೆ ಕೊಟ್ಟ ಸಲಹೆಯನ್ನು ನಾನು ತೂಕಕ್ಕೇ ಹಿಡಿಯುವುದಿಲ್ಲ. ನಮ್ಮ ಬೋರ್‌ವೆಲ್ ಟಿಡಿಎಸ್ (ಕರಗಿದ ಲವಣಗಳ ಅಳತೆ) ಏಳುನೂರು, ಕಾವೇರಿ ಇನ್ನೂರರ ಸುತ್ತಮುತ್ತ. ಬರೀ ಕಾವೇರಿ ನೀರು ತುಂಬಿದ ಟ್ಯಾಂಕ್ ಸುಮಾರು ಹತ್ತು ದಿನ ಕೆಂಪಾಗಿಯೇ ಇತ್ತು. ಅರ್ಧ ಬೋರ್‌ವೆಲ್ ಬೆರೆಸಿದ್ದು ಎರಡೇ ದಿನಕ್ಕೆ ತಿಳಿಯಾಯಿತು. ಜೇಡಿಯ ಕಣಗಳು ಮೆದು ನೀರಿನಲ್ಲಿ ಒಂದನ್ನೊಂದು ದೂರ ತಳ್ಳುತ್ತಾ ತೇಲಿಯೇ ಇರುತ್ತವೆ. ಕ್ಯಾಲ್ಸಿಯಂ ಇದ್ದರೆ ಗುಂಪುಗೂಡಿ ತಳ ಸೇರುತ್ತವೆ. ಕೆಮ್ಮಣ್ಣು ಹಾಕಿದರೆ ನೀರು ತಿಳಿಯಾಗುವುದೇ ಇಲ್ಲ ಎನ್ನುವವರ ನೀರನ್ನು ಒಮ್ಮೆ ಅಳೆದು ನೋಡಿ.

ಆದರೆ ಬರೀ ಬೋರ್‌ವೆಲ್ ಕೂಡ ಸಲ್ಲ. ಪಿಎಚ್ 8 ದಾಟಿದ ನೀರಿನಲ್ಲಿ ಮಣ್ಣಿನಿಂದ ಬರುವ ಅಮೋನಿಯಾ ಹೆಚ್ಚು ವಿಷ. 26 ಡಿಗ್ರಿ ಶಾಖದಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಮೀನಿಗೆ ವಿಷವಾಗುವ ಭಾಗ ನೂರಕ್ಕೆ ಒಂದನ್ನೂ ಮುಟ್ಟದು, ಪಿಎಚ್ 8 ಆದರೆ ಐದಾರಕ್ಕೆ ಏರುತ್ತದೆ. ಕಿಟ್ ಎರಡರಲ್ಲೂ ಒಂದೇ ಬಣ್ಣ ತೋರಿಸುತ್ತದೆ. ಮಣ್ಣಿನ ಟ್ಯಾಂಕಿನಲ್ಲಿ ಒಬ್ಬರ ಮೀನು ಉಳಿದು ಇನ್ನೊಬ್ಬರದ್ದು ಸಾಯುವುದು ಹೆಚ್ಚಾಗಿ ಇದರಿಂದಲೇ.

ನೀರು ತುಂಬುವಾಗ ಮರಳಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಸಣ್ಣ ಏರ್‌ಲೈನ್ ಪೈಪಿನಿಂದ ಬಿಡಿ. ಅರ್ಧ ದಿನ ಹಿಡಿಯುತ್ತದೆ, ಹಿಡಿಯಲಿ. ಕ್ಲೋರಿನ್ ತೆಗೆಯಲು ಹೈಪೋ ಹರಳು (ಸೋಡಿಯಂ ಥಯೋಸಲ್ಫೇಟ್) ಸಾಕು, ನೂರು ಲೀಟರಿಗೆ ಒಂದೂವರೆ ಗ್ರಾಂ. ಮೊದಲ ವಾರ ದಿನ ಬಿಟ್ಟು ದಿನ ಅರ್ಧ ನೀರು, ಎರಡನೇ ವಾರ ಎರಡು ಸಲ, ಆಮೇಲೆ ಆರನೇ ವಾರದವರೆಗೆ ವಾರಕ್ಕೊಮ್ಮೆ ಬದಲಾಯಿಸಿ. ಅಮೋನಿಯಾ, ನೈಟ್ರೈಟ್ ಎರಡೂ ಒಂದು ವಾರ ಪೂರ್ತಿ ಸೊನ್ನೆ ತೋರಿಸುವ ತನಕ ಮೀನು ಬೇಡ.

ಗಿಡ ಮಾತ್ರ ಮೊದಲ ದಿನವೇ, ನೆಲದ ಮುಕ್ಕಾಲು ಭಾಗ ಮುಚ್ಚುವಷ್ಟು. ದುಬಾರಿ ಗಿಡ ಬೇಡ. ಹೈಗ್ರೊಫಿಲಾ, ರೊಟಾಲ, ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಮೇಲೆ ಒಂದಿಷ್ಟು ಅಂತರಗಂಗೆ. ತೇಲುವ ಗಿಡಕ್ಕೆ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡೇ ಸಿಗುವುದರಿಂದ ಸಿಲಿಂಡರಿನ ಹಂಗಿಲ್ಲದೆ ಅಮೋನಿಯಾ ಹೀರುತ್ತದೆ. ಮೊದಲ ಎರಡು ತಿಂಗಳು ಟ್ಯಾಂಕ್ ಕಾಯುವುದು ಅದೇ. ನೀರಿನ ಮೇಲ್ಮೈ ಅರ್ಧಕ್ಕಿಂತ ಹೆಚ್ಚು ಮುಚ್ಚಿದಾಗೆಲ್ಲ ತೆಗೆದು ಕಾಂಪೋಸ್ಟಿಗೆ ಹಾಕಿ. ಕೆರೆಗೆ ಎಸೆಯಲೇಬೇಡಿ, ನಮ್ಮ ಕೆರೆಗಳು ಈಗಾಗಲೇ ಅದರಿಂದ ಸಾಯುತ್ತಿವೆ. ಪಶ್ಚಿಮ ಘಟ್ಟದ ಲ್ಯಾಜೆನಾಂಡ್ರ ಈ ಮಣ್ಣಿನಲ್ಲಿ ಸೊಗಸಾಗಿ ಬರುತ್ತದೆ, ಆದರೆ ಕಾಡಿನ ಹಳ್ಳದಿಂದ ಕಿತ್ತು ತರಬೇಡಿ, ಬೆಳೆಸಿ ಮಾರುವವರು ಇದ್ದಾರೆ.

ಗೆಳೆಯರು ಕೊಡುವ ಕತ್ತರಿಸಿದ ತುಂಡುಗಳು ಈ ಹವ್ಯಾಸದ ದೊಡ್ಡ ಸಂಪತ್ತು. ನನ್ನ ಟ್ಯಾಂಕಿನ ಅರ್ಧ ಗಿಡ ಬಿಟ್ಟಿ ಬಂದದ್ದು. ಅದರ ಜೊತೆಗೇ ಹೈಡ್ರಾ ಎಂಬ ಸಣ್ಣ ಜೀವಿ, ಏರೋಪ್ಲೇನ್ ಚಿಟ್ಟೆಯ ಮರಿ, ಬಸವನಹುಳ ಬರುತ್ತವೆ. ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಪಟಿಕದ ಪುಡಿ ಹಾಕಿ ಎರಡು ಮೂರು ಗಂಟೆ ಮುಳುಗಿಸಿಟ್ಟು ತೊಳೆದರೆ ಬಸವನಹುಳದ ಕಾಟ ಬಹುಪಾಲು ತಪ್ಪುತ್ತದೆ. ಮರಳಿನೊಳಗೆ ಕೊರೆಯುವ ಉದ್ದ ಚೂಪು ಚಿಪ್ಪಿನ ಟ್ರಂಪೆಟ್ ಬಸವನಹುಳವನ್ನು ಮಾತ್ರ ನಾನೇ ಹುಡುಕಿ ಬಿಟ್ಟಿದ್ದೇನೆ. ಮರಳು ಗಟ್ಟಿಯಾಗದಂತೆ ರಾತ್ರಿಯೆಲ್ಲ ಉಳುತ್ತದೆ.

ಬೆಳಕು ಬೆಳಿಗ್ಗೆ ನಾಲ್ಕು ಗಂಟೆ ಹೊತ್ತು, ನಡುವೆ ನಾಲ್ಕು ಗಂಟೆ ಕತ್ತಲು, ಸಂಜೆ ಮತ್ತೆ ನಾಲ್ಕು ಗಂಟೆ. ಮೊದಲ ಮೂರ್ನಾಲ್ಕು ಗಂಟೆಯಲ್ಲಿ ಗಿಡಗಳು ನೀರಿನ ಕಾರ್ಬನ್ ಡೈಆಕ್ಸೈಡ್ ಖಾಲಿ ಮಾಡುತ್ತವೆ, ಕತ್ತಲಲ್ಲಿ ಮಣ್ಣು ಅದನ್ನು ಮತ್ತೆ ತುಂಬುತ್ತದೆ. ಒಂದೇ ಸಮನೆ ಎಂಟು ಗಂಟೆ ಕೊಟ್ಟಾಗ ನೂಲು ಪಾಚಿ ಬಂತು, ಹೀಗೆ ಒಡೆದ ಮೇಲೆ ತಾನಾಗಿ ಇಳಿಯಿತು. ಗಾಳಿ ಗುಳ್ಳೆಯ ಕಲ್ಲು ಬೇಡ, ಇರುವ ಅನಿಲವನ್ನೂ ಓಡಿಸುತ್ತದೆ. ಕರೆಂಟ್ ಹೋದರೆ ಹೆದರಬೇಕಿಲ್ಲ. ಬೇಸಿಗೆಯಲ್ಲಿ ಏಳೆಂಟು ಗಂಟೆ ಫಿಲ್ಟರ್ ನಿಂತಾಗಲೂ ಒಂದು ಮೀನೂ ಮೇಲೆ ಬಂದು ಬಾಯಿ ಬಿಟ್ಟಿಲ್ಲ.

ಇದರ ನಡುವೆ ಉಪ್ಪಿನಕಾಯಿ ಜಾಡಿಗಳಲ್ಲಿ ಬೇರೆ ಮಣ್ಣುಗಳನ್ನೂ ನೋಡಿದೆ. ಹುತ್ತದ ಮಣ್ಣು ಬಹಳ ನುಣುಪು, ವ್ಯಾಲಿಸ್ನೇರಿಯಾ ಬೇರು ಬಿಟ್ಟಿತು ಆದರೆ ಹಿಗ್ಗಲಿಲ್ಲ. ಊರಿನ ಕೆರೆಗೋಡು ಹಾಕಿದ ಜಾಡಿಯಲ್ಲಿ ಮೊದಲ ತಿಂಗಳು ಎಲ್ಲಕ್ಕಿಂತ ಜೋರು ಬೆಳವಣಿಗೆ, ಮೂರನೇ ತಿಂಗಳು ಕಪ್ಪಾಗಿ ವಾಸನೆ. ನಗರದ ಕೆರೆಯ ಹೂಳಿಗಂತೂ ಕೈ ಹಾಕಬೇಡಿ, ಕೊಳಚೆಯ ಜೊತೆ ಭಾರಲೋಹವೂ ಇರುತ್ತದೆ. ಮಂಗಳೂರು ಕಡೆಯ ಮುರಕಲ್ಲಿನ ಮಣ್ಣು ನನ್ನ ಮಟ್ಟಿಗೆ ಅಚ್ಚರಿ ತಂದದ್ದು: ಬೆಳವಣಿಗೆ ನಿಧಾನ, ಪಾಚಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅದರ ಕಬ್ಬಿಣ ರಂಜಕವನ್ನು ಬಿಗಿಯಾಗಿ ಹಿಡಿದಿಡುವುದೇ ಕಾರಣ ಎಂದು ನನ್ನ ಎಣಿಕೆ. ಒಂದೂವರೆ ವರ್ಷದ ಮೇಲೆ ಮಣ್ಣಿನ ಶಕ್ತಿ ಕುಗ್ಗಿದಾಗ ಬೇರಿನ ಬಳಿ ತುರುಕಲು ಕೆಮ್ಮಣ್ಣಿನದ್ದೇ ಗೊಬ್ಬರದ ಉಂಡೆ ಕಟ್ಟುತ್ತೇನೆ, ನೆರಳಲ್ಲಿ ಒಣಗಿಸಿದ ಗೋಲಿಯಷ್ಟು ದಪ್ಪದ್ದು. ಅದರೊಳಗಿನ ಪಾಕದ ಅಳತೆ ಸದ್ಯಕ್ಕೆ ನನ್ನಲ್ಲೇ ಇರಲಿ. ಮಣ್ಣಿಗೂ ಮರಳಿಗೂ ನಡುವೆ ಹಾಕುವ ಒಂದು ತೆಳು ಪದರವೂ ಇದೆ, ಇನ್ನೊಂದು ಟ್ಯಾಂಕಿನಲ್ಲಿ ಒಂದು ವರ್ಷ ನಡೆದ ಮೇಲೆ ಹೇಳುತ್ತೇನೆ.

ಒಮ್ಮೆ ಬೇರು ಹಿಡಿದ ಮೇಲೆ ಕ್ರಿಪ್ಟೊಕೋರೈನನ್ನು ಎಳೆದು ಕೀಳಬೇಡಿ. ಬೇರಿನ ಜೊತೆ ಬೊಗಸೆ ಮಣ್ಣು ಎದ್ದು ನೀರು ಮತ್ತೆ ಕೆಂಪಾಗುತ್ತದೆ, ಹಿಂದೆಯೇ ಅಮೋನಿಯಾ. ಗಿಡದ ಸುತ್ತ ಉದ್ದ ಕತ್ತರಿಯನ್ನು ನೆಟ್ಟಗೆ ಇಳಿಸಿ ಬೇರು ತುಂಡರಿಸಿ, ಬುಡವನ್ನು ಮೆಲ್ಲಗೆ ಅಲುಗಿಸಿ ಮೇಲಕ್ಕೆತ್ತಿ, ಆ ಜಾಗಕ್ಕೆ ತಕ್ಷಣ ಒಂದು ಹಿಡಿ ಮರಳು ಸುರಿಯಿರಿ. ಅದೇ ಸಂಜೆ ಕಾಲು ಭಾಗ ನೀರು ಬದಲಾಯಿಸಿ.