ರೋಲಿಂಗ್ ಥಂಡರ್ ಒಂದೇ ಕಾಯಿನ್ನಲ್ಲಿ ಮುಗ್ಸಿದ್ದು – ನನ್ನ ಅನುಭವ

ರೋಲಿಂಗ್ ಥಂಡರ್ ಅಂದ್ರೆ ಕಾಯಿನ್ ಹಾಕಿ ಆಡೋ ಹಳೇ ಆರ್ಕೇಡ್ ವಿಡಿಯೋ ಗೇಮು. ಇದು ಕಾಯಿನ್ ನುಂಗೋಕೆ ಅಂತಾನೇ ಮಾಡಿರೋ ಗೇಮು, ಒಂದೇ ಕಾಯಿನ್ನಲ್ಲಿ ಮುಗ್ಸೋದು ಆಗೋ ಮಾತಲ್ಲ ಅಂತ ಮೈಸೂರಲ್ಲಿ ನಮ್ ಗ್ಯಾಂಗಿನವ್ರು ಎಲ್ರೂ ಹೇಳ್ತಿದ್ರು. ಆಯ್ತು ಗುರು, ಹತ್ತೂ ಏರಿಯಾ (ಅಂದ್ರೆ ಲೆವೆಲ್ಲು), ಕೊನೇ ವಿಲನ್ ಮಾಬೂ ಸಮೇತ.

ಎಲ್ರೂ ಇದನ್ನ ಓಡ್ತಾ ಗುಂಡು ಹೊಡೆಯೋ ಗೇಮು ಅಂದ್ಕೋತಾರೆ, ಅದ್ಕೇ ಸಾಯ್ತಾರೆ. ನಮ್ ಹೀರೋಗೆ ಗುಂಡು ಒಂದ್ ತಾಗಿದ್ರೆ ಹೋದ, ಶತ್ರು ಮೈ ತಾಗಿದ್ರೆ ಅರ್ಧ ಲೈಫು, ಜಂಪ್ ಮಾಡಿದ್ಮೇಲೆ ಗಾಳಿಲಿ ತಿರುಗೋಕೂ ಆಗಲ್ಲ. ನನ್ ಮೆಥಡ್ಡು ಬಾಗ್ಲು. ಗುಂಡು ಸಿಗೋ, ಬುಲೆಟ್ಸ್ ಅಂತ ಬರ್ದಿರೋ ಬಾಗ್ಲು ಮಾತ್ರ ಅಲ್ಲ, ಖಾಲಿ ಬಾಗ್ಲೂನೂ. ಒಳಗ್ ನುಗ್ಗಿ ಗುಂಡು ದಾಟೋಗ್ಲಿ ಅಂತ ಕಾಯೋದು, ಮುಸುಕು ಹಾಕಿರೋ ಶತ್ರು ಆಕಡೆ ತಿರುಗಿದ ಅಂದ್ರೆ ಆಚೆ ಬಂದು ಒಂದೇ ಗುಂಡು, ಎಲ್ಲಾ ಬಾಗ್ಲು ತೆಗಿಯಲ್ಲ ಅನ್ನೋದು ನೆನಪಿರ್ಲಿ, ಟೈಮರ್ ಬೇರೆ ಓಡ್ತಿರುತ್ತೆ. ಗುಂಡು ಮಿಗಿಸ್ಲೇಬೇಕು. ಖಾಲಿಯಾದ್ರೆ ನಿಧಾನಕ್ಕೆ ಹೋಗೋ ಒಂದೊಂದೇ ಗುಂಡು, ಅಲ್ಲಿಗ್ ಕಥೆ ಮುಗೀತು. ಮುಸುಕಿನ ಬಣ್ಣ ನೋಡಿ ಇವನು ಕೂತು ಹೊಡೀತಾನಾ, ಬಾಂಬ್ ಎಸೀತಾನಾ ಅಂತ ಗುರುತು ಹಿಡೀಬೇಕು, ನಾನು ಇದನ್ನ ಒಂದು ನೋಟ್‌ಬುಕ್ಕಲ್ಲಿ ಏರಿಯಾವಾರು ಬರ್ಕೊಂಡಿದೀನಿ.

ಇನ್ನು ಮನೇಲೇ ಆಡೋಕೆ ಮಾಡ್ಕೊಂಡ ಸೆಟಪ್ಪಿನ ದುಡ್ಡಿನ ವಿಷಯ. ಎಲ್‌ಸಿಡಿ ಟೀವಿಲಿ ಬಟನ್ ಒತ್ತಿದ್ದಕ್ಕೂ ಅವ್ನು ಹಾರೋದಕ್ಕೂ ಗ್ಯಾಪು, ಬಾಗಿಲಿನ ಆಟಕ್ಕೆ ಆ ಗ್ಯಾಪ್ ಸಾಕು ಸಾಯೋಕೆ. ಮಂಡಿ ಮೊಹಲ್ಲಾದ ಗುಜರಿಲಿ 21 ಇಂಚಿನ ಹಳೇ ಡಬ್ಬಾ ಟೀವಿ ಸುಮಾರು 600ಕ್ಕೆ ಸಿಕ್ತು, ರಿಪೇರಿಗೆ ಇನ್ನೊಂದು 400. ಜಾಯ್‌ಸ್ಟಿಕ್ಕು, ಬಟನ್ನು, ಪ್ಲೈವುಡ್ ಡಬ್ಬ ಎಲ್ಲಾ ಸೇರಿ ನಾಲ್ಕು ಸಾವಿರದ ಆಸುಪಾಸು, ಅದ್ರಲ್ಲಿ ಮೊದಲ್ನೇ ಯುಎಸ್‌ಬಿ ಬೋರ್ಡು ವಾರದಲ್ಲೇ ಸತ್ತೋಗಿ 700 ಗೋವಿಂದ. ಗೇಮ್ ಓಡ್ಸೋ ಪುಟ್ಟ ಕಂಪ್ಯೂಟರ್ ಬೋರ್ಡು, ರಾಸ್ಪ್‌ಬೆರಿ ಪೈ, ಮನೇಲೇ ಇತ್ತು. ಅದ್ರ ಎವಿ ಕೇಬಲ್ ವಿಷಯ ಹೇಳ್ಬಿಡ್ತೀನಿ, ಕೆಲವು ಕೇಬಲಲ್ಲಿ ವಿಡಿಯೋ ಹಳದಿ ಪಿನ್ನಲ್ಲಿ ಬರಲ್ಲ, ಕೆಂಪಲ್ಲಿ ಬರುತ್ತೆ, ಚಿತ್ರ ಇಲ್ಲ ಅಂತ ಬಿಸಾಕ್ಬೇಡಿ. ಪಾಲ್ ಅನ್ನೋ ಟೀವಿ ಸಿಗ್ನಲ್ಲು, 50 ಹರ್ಟ್ಸಲ್ಲೂ ಓಡ್ಸಿ ನೋಡ್ದೆ, ಸ್ಕ್ರೋಲ್ ಆಗೋವಾಗ ಎಳ್ದು ಎಳ್ದು ಹೋಗುತ್ತೆ. ಎನ್‌ಟಿಎಸ್‌ಸಿ ಅನ್ನೋ ಇನ್ನೊಂದು ಸಿಗ್ನಲ್ಲು, 60 ಹರ್ಟ್ಸ್, ಪ್ರೋಗ್ರೆಸಿವ್ ಬೇಕು, ಅದಕ್ಕೆ ಪೈ ಸೆಟ್ಟಿಂಗಲ್ಲಿ sdtv_modeಗೆ 16 ಅಂತ ಹಾಕಿ, ಬೆಣ್ಣೆ ಥರ ಹೋಗುತ್ತೆ.

ಅವಾಗ ಗೊತ್ತಾಗೋದು 1986ರಲ್ಲಿ ಈ ಗೇಮ್ ಮಾಡಿದ ನಾಮ್ಕೋ ಕಂಪನಿಯವ್ರು ಏನ್ ಮಾಡಿಟ್ಟಿದಾರೆ ಅಂತ. ಹೀರೋ ಆಲ್ಬಟ್ರಾಸ್ ಆ ಉದ್ದ ಕಾಲು ಹಾಕ್ಕೊಂಡು ನಡೆಯೋದು, ರೇಲಿಂಗ್ ಹಿಡ್ಕೊಂಡು ಮೇಲಿನ ಫ್ಲೋರಿಗೆ ಹಾರೋದು, ಈಗ್ಲೂ ನೋಡ್ತಾನೇ ಇರ್ಬೇಕು ಅನ್ಸುತ್ತೆ. ಐದ್ ಏರಿಯಾ ಆದ್ಮೇಲೆ ಅದೇ ಜಾಗ ಇನ್ನೂ ಕಷ್ಟ ಮಾಡಿ ಕೊಡ್ತಾರೆ, ನನ್ ರನ್ನುಗಳು ಜಾಸ್ತಿ ಸತ್ತಿದ್ದು ಅಲ್ಲೇ. ಅಲ್ಲಿ ಮೆಷಿನ್ ಗನ್ ಎಲ್ಲಿ ಖರ್ಚು ಮಾಡ್ಬೇಕು, ಮಾಬೂ ಮುಂದೆ ಎಲ್ಲಿ ನಿಲ್ಬೇಕು ಅನ್ನೋದು ಮಾತ್ರ ಹೇಳಲ್ಲ, ಅದು ನಂದು.

ನಾನು ಮುಂದೆ ಹಿಡಿಯೋದು 1990ರ ಎರಡನೇ ಭಾಗ, ಅದ್ರಲ್ಲಿ ಹೀರೋ ಜೊತೆಗಾರ್ತಿ ಲೈಲಾ ಆಗೂ ಆಡ್ಬಹುದು, ಇಬ್ರು ಒಟ್ಟಿಗೆ ಆಡ್ಬಹುದು. ಮಂಡ್ಯದ ನಮ್ ಹುಡುಗ, ಆಗಲ್ಲ ಅಂತ ಜಾಸ್ತಿ ಕೂಗಾಡ್ದವನು, ಎರಡನೇ ಸ್ಟಿಕ್ಕಿನ ದುಡ್ಡು ತಾನೇ ಹಾಕ್ತೀನಿ ಅಂದಿದಾನೆ.