ಎಣ್ಣೆ ಹೊಡೆಯುವ ಮೊದಲು ಎಲೆ ಮಗುಚಿ ನೋಡಿ

ಹುಬ್ಬಳ್ಳಿ-ಧಾರವಾಡದ ಮನೆಗಳ ಕೈದೋಟ ನೋಡಿಕೊಳ್ಳುವುದು ನನ್ನ ಉದ್ಯೋಗ. ಶ್ರಾವಣ ಬಂತೆಂದರೆ ಒಂದೇ ದೂರು: “ತಮ್ಮಾ, ಗಿಡವೆಲ್ಲ ಬೋಳಾಗಿದೆ, ಒಂದು ಗಟ್ಟಿ ಎಣ್ಣೆ ಹೊಡೆದು ಹೋಗು.” ಎಣ್ಣೆ ಎಂದರೆ ಇಲ್ಲಿ ಹುಳು ಕೊಲ್ಲುವ ಔಷಧ. ಹೋಗುತ್ತೇನೆ, ಆದರೆ ಪಂಪನ್ನು ಬೈಕಿನಿಂದ ಇಳಿಸುವುದಿಲ್ಲ. ಯಾವ ಹುಳು, ಎಷ್ಟು ದೊಡ್ಡದು ಎಂದು ತಿಳಿಯದೆ ಹೊಡೆದ ಎಣ್ಣೆ ಬಹುಪಾಲು ನೆಲದ ಪಾಲು.

ನಂದಿಬಟ್ಟಲನ್ನು ಬೋಳಿಸುವುದು ಹೆಚ್ಚಾಗಿ ಒಂದು ದೊಡ್ಡ ಹಸಿರು ಹುಳು. ಅದನ್ನು ಕೊಂಬೆಯಲ್ಲಿ ಹುಡುಕಿದರೆ ಸಿಗುವುದಿಲ್ಲ, ಎಲೆಯ ಬಣ್ಣವೇ ಅದರದ್ದು. ನಾನು ನೆಲ ನೋಡುತ್ತೇನೆ. ಗಿಡದ ಕೆಳಗೆ ಕರಿಮೆಣಸಿನ ಗಾತ್ರದ ಹಿಕ್ಕೆ ಬಿದ್ದಿದ್ದರೆ, ಅದರ ನೇರ ಮೇಲಿನ ಕೊಂಬೆಯಲ್ಲಿ ಅಸಾಮಿ ಕೂತಿರುತ್ತಾನೆ. ಬೆರಳಿನಷ್ಟು ದಪ್ಪ, ಬಾಲದ ತುದಿಗೆ ಮೋಟು ಕೊಂಬು. ಮುಟ್ಟಿದರೆ ತಲೆಯನ್ನು ಒಳಗೆಳೆದುಕೊಂಡು, ಕತ್ತಿನ ಬಳಿಯ ಎರಡು ನೀಲಿ ಕಣ್ಣುಗಳಂಥ ಮಚ್ಚೆಗಳನ್ನು ಉಬ್ಬಿಸಿ ಹೆದರಿಸುತ್ತದೆ. ಮನೆಯವರು ಚೀರಿ ಹಿಂದೆ ಸರಿಯುವುದು ಆಗಲೇ. ಅದು ಕಚ್ಚುವುದಿಲ್ಲ, ಚುಚ್ಚುವುದೂ ಇಲ್ಲ. ಇಷ್ಟು ಬೆಳೆದ ಹುಳುವಿಗೆ ಔಷಧ ದಂಡ. ಕೈಯಿಂದ ಕಿತ್ತು ಸಾಬೂನು ನೀರಿನ ಬಕೆಟ್ಟಿಗೆ ಹಾಕಿದರೆ ಮುಗಿಯಿತು. ಇಡೀ ಗಿಡದಲ್ಲಿ ಇರುವುದೂ ಬೆರಳೆಣಿಕೆಯಷ್ಟೇ. ಅದೇ ಗಿಡದಲ್ಲಿ ಎಲೆಗಳನ್ನು ನೂಲಿನಿಂದ ಅಂಟಿಸಿಕೊಂಡು ಒಳಗೆ ಕೂರುವ ಸಣ್ಣ ಹುಳು ಬೇರೆ. ಮಡಿಕೆಯೊಳಕ್ಕೆ ಸಿಂಪಡಣೆ ಇಳಿಯುವುದಿಲ್ಲ, ಎರಡು ಬೆರಳಲ್ಲಿ ಮಡಿಕೆಯನ್ನೇ ಒತ್ತಿಬಿಡುತ್ತೇನೆ.

ನಿಜವಾದ ತಲೆನೋವು ಸ್ಪೊಡಾಪ್ಟೆರಾ ಎಂಬ ಪತಂಗದ ಎಲೆ ತಿನ್ನುವ ಹುಳು. ಧಾರವಾಡದ ಸುತ್ತ ಸೋಯಾ ಅವರೆ, ಶೇಂಗಾ ಹೊಲಗಳಿವೆ. ಅಲ್ಲಿ ಹುಟ್ಟಿದ ಪತಂಗ ರಾತ್ರಿ ಹಾರಿಬಂದು ನಮ್ಮ ಸೇವಂತಿಗೆ, ಗುಲಾಬಿ, ಕಾಬಾಳೆ ಎಲೆಗಳಲ್ಲೂ ಮೊಟ್ಟೆ ಇಡುತ್ತದೆ. ಎಲೆ ಮಗುಚಿದರೆ ತಳದಲ್ಲಿ ಕಂದು ರೋಮ ಮೆತ್ತಿದ ಒಂದು ತೇಪೆ ಕಾಣುತ್ತದೆ. ಬೂಸು ಹಿಡಿದಿದೆ ಎಂದು ಹಲವರು ಬಿಟ್ಟುಬಿಡುತ್ತಾರೆ. ಆ ರೋಮದ ಅಡಿಯಲ್ಲಿ ನೂರಾರು ಮೊಟ್ಟೆಗಳಿರುತ್ತವೆ. ಮರಿಗಳು ಒಡೆದ ಮೇಲೆ ಕೆಲವು ದಿನ ಒಂದೇ ಎಲೆಯಲ್ಲಿ ಗುಂಪಾಗಿದ್ದು ಹಸಿರನ್ನಷ್ಟೇ ಕೆರೆದು ತಿನ್ನುತ್ತವೆ. ನರಗಳ ನಡುವೆ ತೆಳು ಪೊರೆ ಉಳಿದ ಆ ಎಲೆ ದೂರದಿಂದಲೇ ಬೆಳ್ಳಗೆ ಕಾಣುತ್ತದೆ. ಅದೊಂದು ಎಲೆಯನ್ನು ಕಿತ್ತರೆ ಇಡೀ ಸಂಸಾರ ಹೋಯಿತು. ಒಂದು ವಾರ ತಡವಾದರೆ ಮರಿಗಳು ತೋಟವೆಲ್ಲ ಹರಡುತ್ತವೆ, ಬಲಿತ ಮೇಲೆ ಹಗಲು ಮಣ್ಣಿನಲ್ಲಿ ಅಡಗಿ ರಾತ್ರಿ ಮೇಯುತ್ತವೆ. ಹಗಲಿನಲ್ಲಿ ಒಂದೂ ಕಾಣದೆ ಎಲೆಗಳು ಮಾತ್ರ ಮಾಯವಾಗುತ್ತಿದ್ದರೆ ಊಟವಾದ ಮೇಲೆ ಟಾರ್ಚ್ ಹಿಡಿದು ಹೋಗಿ ನೋಡಿ ಎನ್ನುತ್ತೇನೆ. ಕುಂಡದ ಅಂಚಿನ ಮಣ್ಣನ್ನು ಬೆರಳಿನಿಂದ ಕೆದಕಿದರೂ ಸುರುಳಿ ಸುತ್ತಿಕೊಂಡು ಸಿಗುತ್ತವೆ.

ಮರಿಗಳು ಹರಡಿದ್ದರೆ, ಇನ್ನೂ ಸಣ್ಣವಾಗಿದ್ದರೆ, ಆಗ ಪಂಪು ಇಳಿಸುತ್ತೇನೆ. ನನ್ನ ಮೊದಲ ಆಯ್ಕೆ ಬಿಟಿ ಪುಡಿ, ಅಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ. ಲೀಟರಿಗೆ 2 ಗ್ರಾಂ ಕಲಸಿ ಎಲೆಯ ತಳಕ್ಕೆ ತಾಗುವಂತೆ ಹೊಡೆಯುತ್ತೇನೆ. ಮೈಗೆ ಬಿದ್ದರೆ ಏನೂ ಆಗದು, ಹುಳು ಅದನ್ನು ತಿನ್ನಬೇಕು. ತಿಂದ ಕೆಲವು ಗಂಟೆಗಳಲ್ಲಿ ಮೇಯುವುದು ನಿಲ್ಲುತ್ತದೆ, ಸಾಯಲು ಎರಡು ಮೂರು ದಿನ ಬೇಕು. ಮರುದಿನವೇ “ಹುಳು ಇನ್ನೂ ಹಾಗೆಯೇ ಇದೆ” ಎಂದು ಫೋನ್ ಬರುತ್ತದೆ. ಎಲೆಯಲ್ಲಿ ಹೊಸ ತೂತು ಬಿದ್ದಿದೆಯೇ ನೋಡಿ ಎಂದು ಕೇಳುತ್ತೇನೆ, ಬಿದ್ದಿರುವುದಿಲ್ಲ. ಬಿಸಿಲಿಗೆ ಇದರ ಶಕ್ತಿ ಬೇಗ ಕುಂದುವುದರಿಂದ ಸಂಜೆ ಐದರ ಮೇಲೆಯೇ ಹೊಡೆಯುವುದು. ಹಾವೇರಿ ಕಡೆಯ ಪರಿಚಯದವರೊಬ್ಬರ ಹಿತ್ತಲಿನ ಆಚೆ ಹಿಪ್ಪುನೇರಳೆ ತೋಟವಿತ್ತು, ಅಲ್ಲಿ ಬಿಟಿ ಬೇಡವೆಂದೆ. ರೇಷ್ಮೆ ಹುಳುವೂ ಪತಂಗದ ಮರಿಯೇ, ಅದಕ್ಕೂ ಇದು ವಿಷ.

ಎರಡನೆಯದು ಬೇವಿನ ಬೀಜದ ಕಷಾಯ. ಕಾರ ಹುಣ್ಣಿಮೆಯ ಆಸುಪಾಸಿನಲ್ಲಿ ಬೇವಿನ ಹಣ್ಣು ಉದುರತೊಡಗುತ್ತದೆ. ತಿರುಳು ತೊಳೆದು, ಬೀಜವನ್ನು ನೆರಳಲ್ಲಿ ಒಣಗಿಸಿ ಇಟ್ಟುಕೊಂಡರೆ ವರ್ಷಕ್ಕೆ ಸಾಕು. ಒಳಬೀಜದ ಪುಡಿ 50 ಗ್ರಾಂ, ನೀರು ಒಂದು ಲೀಟರ್. ರಾತ್ರಿಯಿಡೀ ನೆನೆಸಿ ಬಟ್ಟೆಯಲ್ಲಿ ಸೋಸಿ, ಎಲೆಗೆ ಅಂಟಲೆಂದು ಚಿಟಿಕೆ ಸಾಬೂನು ಪುಡಿ ಸೇರಿಸುತ್ತೇನೆ. ಇದು ಕೊಲ್ಲುವುದಕ್ಕಿಂತ ಹೆಚ್ಚಾಗಿ ಹುಳುವಿನ ಬಾಯಿ ಕಟ್ಟುತ್ತದೆ. ಬೆಳ್ಳುಳ್ಳಿ-ಮೆಣಸಿನಕಾಯಿ ಕಷಾಯವನ್ನು ಹೊಗಳುವವರು ಬಹಳ. ನನ್ನ ಕಣ್ಣು ಉರಿದಷ್ಟು ಹುಳುವಿನದು ಉರಿದಂತೆ ಕಾಣಲಿಲ್ಲ.

ಹೊಲಗಳಲ್ಲಿ ಹೊಡೆಯುವ ಇಮಾಮೆಕ್ಟಿನ್ ಬೆಂಜೊಯೇಟ್ ಎಂಬ ಕೀಟನಾಶಕ ಕೆಲಸ ಮಾಡುವುದಿಲ್ಲವೆಂದಲ್ಲ, ಚೆನ್ನಾಗಿಯೇ ಮಾಡುತ್ತದೆ. ಆದರೆ ಮನೆಯಂಗಳದ ಹೂ ಬೆಳಿಗ್ಗೆ ದೇವರಿಗೆ, ಸಂಜೆ ಮುಡಿಗೆ ಹೋಗುತ್ತದೆ, ಪಕ್ಕದಲ್ಲೇ ತುಳಸಿಕಟ್ಟೆ ಇರುತ್ತದೆ. ಜೇನಿಗೂ ಅದು ವಿಷ. ಅದಕ್ಕೇ ನನ್ನ ಚೀಲದಲ್ಲಿ ಅದಿಲ್ಲ. ಪಂಪಿನ ಸದ್ದು ಕೇಳದಿದ್ದರೆ ದುಡ್ಡು ಕೊಡಲು ಕೆಲವರಿಗೆ ಕೈ ಬರುವುದಿಲ್ಲ. ಹೀಗಾಗಿ ಎಣ್ಣೆಗೆ ಇಷ್ಟು ಎನ್ನದೆ, ಬಂದು ನೋಡಿದ್ದಕ್ಕೆ ಇಷ್ಟು ಎಂದು ಮೊದಲೇ ಹೇಳಿಬಿಡುತ್ತೇನೆ.

ಜಿಟಿಜಿಟಿ ಮಳೆ ಹಿಡಿದ ದಿನಗಳಲ್ಲಿ ಎಲೆಗೆ ಅಂಟಿ ಸೆಟೆದ, ಸುಣ್ಣ ಬಳಿದಂತೆ ಬೆಳ್ಳಗಾದ ಹುಳುಗಳು ಕಾಣುತ್ತವೆ. ಅವು ನೊಮುರಿಯಾ ಶಿಲೀಂಧ್ರಕ್ಕೆ ಸಿಕ್ಕವು. ಮುಂದೆ ಅದೇ ಪುಡಿ ತಿಳಿ ಹಸಿರಾಗುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಈ ಶಿಲೀಂಧ್ರದ ಮೇಲೆ ಸಾಕಷ್ಟು ಕೆಲಸ ಮಾಡಿದೆ. ಅಂಥ ಹುಳುಗಳನ್ನು ತೆಗೆಯದೆ ಬಿಡುತ್ತೇನೆ, ಉಳಿದವಕ್ಕೂ ರೋಗ ಹತ್ತಲಿ ಎಂದು. ಮೈಮೇಲೆ ಅಕ್ಕಿ ಕಾಳಿನಂಥ ಬಿಳಿ ಗೂಡು ಹೊತ್ತ ಹುಳುವನ್ನೂ ಮುಟ್ಟುವುದಿಲ್ಲ, ಅದನ್ನು ಪರಾವಲಂಬಿ ಕಣಜ ಆಗಲೇ ಮುಗಿಸಿರುತ್ತದೆ.

ಜಾಗವಿರುವ ಮನೆಗಳಲ್ಲಿ ಕಾಂಪೌಂಡಿನ ಮೂಲೆಗೆ ಒಂದೆರಡು ಔಡಲ ಗಿಡ ಹಾಕಿಸುತ್ತೇನೆ. ಸ್ಪೊಡಾಪ್ಟೆರಾ ಪತಂಗಕ್ಕೆ ಅದರ ಅಗಲ ಎಲೆ ಬಹಳ ಇಷ್ಟ, ಮೊಟ್ಟೆ ಹುಡುಕುವುದು ನಮಗೂ ಸುಲಭ. ಆದರೆ ವಾರಕ್ಕೊಮ್ಮೆ ಅದರ ಎಲೆ ನೋಡುವ ವ್ಯವಧಾನ ಇಲ್ಲದವರು ಹಾಕಬಾರದು, ಅದೇ ಹುಳುವಿನ ತವರಾಗುತ್ತದೆ. ಔಡಲ ಬೀಜ ವಿಷ, ಹಾಗಾಗಿ ಸಣ್ಣ ಮಕ್ಕಳಿರುವ ಮನೆಗೂ ಅದು ಬೇಡ.

ಮಳೆಗಾಲ ಮುಗಿದ ಮೇಲೆ ಕುಂಡಗಳ ಮೇಲ್ಮಣ್ಣನ್ನು ಎರಡು ಮೂರು ಇಂಚು ಸಡಿಲಿಸುತ್ತೇನೆ. ಹುಳು ಪತಂಗವಾಗುವ ಮೊದಲು ಮಣ್ಣಿನಲ್ಲಿ ಕಟ್ಟಿಕೊಂಡ ಕೆಂಗಂದು ಬಣ್ಣದ ಕೋಶಗಳು ಮೇಲೆ ಬರುತ್ತವೆ. ಆರಿಸಿ ತೆಗೆಯಲು ಬೇಸರವಾದರೆ ಮಣ್ಣನ್ನು ಹಾಗೆಯೇ ಹರವಿ ಬಿಟ್ಟರೂ ಆದೀತು, ಉಳಿದದ್ದನ್ನು ಮೈನಾಗಳು ನೋಡಿಕೊಳ್ಳುತ್ತವೆ.