ರದ್ದು ಅಂದರೆ ಯಾವತ್ತಿನಿಂದ ರದ್ದು?

“ಏನಪ್ಪಾ, ಹಂಗಾರೆ ನಾ ತಗೊಂಡ ಸೈಟೂ ಹೋತೇನು?”

ಕೇಳಿದವರು ಅರವತ್ತು ದಾಟಿದ ಒಬ್ಬ ಅಮ್ಮ. ದಾವಣಗೆರೆಯಲ್ಲಿ ಕೋರ್ಟಿನ ಇಂಗ್ಲಿಷ್ ಕಾಗದಗಳನ್ನು ಕನ್ನಡಕ್ಕೆ ಮಾಡಿಕೊಡುವ ಕೆಲಸಕ್ಕೆ ನಾನು ಇಳಿದು ಆಗ ಎರಡು ವರ್ಷ ಆಗಿತ್ತು. ದೂರದ ಊರಲ್ಲಿದ್ದ ಒಬ್ಬರು ತಮ್ಮ ಭಾವನಿಗೆ ಜಿಪಿಎ, ಅಂದರೆ ತಮ್ಮ ಪರವಾಗಿ ವ್ಯವಹಾರ ಮಾಡುವ ಅಧಿಕಾರಪತ್ರ, ಬರೆದುಕೊಟ್ಟಿದ್ದರು. ಆ ಭಾವ ಅದರ ಬಲದಿಂದ ಈ ಅಮ್ಮನಿಗೆ ಸೈಟು ಕ್ರಯ ಮಾಡಿಕೊಟ್ಟಿದ್ದರು. ಒಂದು ವರ್ಷದ ನಂತರ, ಬರೆದುಕೊಟ್ಟವರು ಆ ಜಿಪಿಎ ವಾಪಸ್ ತಗೊಂಡರು. ಇಂಗ್ಲಿಷ್ ಕಾಗದದಲ್ಲಿ ‘ರಿವೋಕ್’ ಅಂತ ಇತ್ತು. ನಾನು ‘ಅಸಿಂಧು’ ಅಂತ ಬರೆದುಬಿಟ್ಟಿದ್ದೆ.

ಅಸಿಂಧು ಅಂದರೆ ಅದಕ್ಕೆ ಕಾನೂನಿನ ಬೆಲೆಯೇ ಇಲ್ಲ ಅಂತ. ಹಾಗೆ ಓದಿದರೆ ಆ ಜಿಪಿಎ ಮೇಲೆ ಆದ ಕ್ರಯಕ್ಕೂ ಬೆಲೆ ಇಲ್ಲ ಅಂತಲೇ ಅನ್ನಿಸುತ್ತದೆ. ಆದರೆ ರಿವೋಕ್ ಹಾಗಲ್ಲ. ಕೊಟ್ಟ ಅಧಿಕಾರವನ್ನು ಕೊಟ್ಟವರೇ ಹಿಂದಕ್ಕೆ ಕರೆಯುವುದು. ಅದು ಮುಂದಿನದಕ್ಕೆ ಮಾತ್ರ. 1872ರ ಕರಾರು ಕಾಯ್ದೆಯ 204ನೇ ಕಲಂ ಇದನ್ನೇ ಹೇಳುತ್ತದೆ. ಅಧಿಕಾರ ಬಳಸಿ ಈಗಾಗಲೇ ಮಾಡಿ ಮುಗಿಸಿದ ಕೆಲಸವನ್ನು ಆಮೇಲೆ ಹಿಂದಕ್ಕೆ ಎಳೆಯುವ ಹಾಗಿಲ್ಲ. ವಕೀಲರು ಕಲಂ ತೋರಿಸಿದಾಗ ನನಗೆ ನಾಚಿಕೆಯಾಯಿತು. ‘ಹಿಂಪಡೆಯಲಾಗಿದೆ’ ಅಂತ ತಿದ್ದಿ, ಪುಟವನ್ನು ಹೊಸದಾಗಿ ಟೈಪ್ ಮಾಡಿಕೊಟ್ಟೆ. ಆದರೆ ಅಷ್ಟರಲ್ಲಿ ಆ ಅಮ್ಮ ನಾಲ್ಕು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ನನ್ನ ಒಂದು ಪದದಿಂದ.

ಅಲ್ಲಿಂದ ನಾನು ಕೆಲಸ ಮಾಡುವ ರೀತಿ ಬದಲಾಯಿತು. ಇಂಗ್ಲಿಷಿನಲ್ಲಿ ಅಬಾಲಿಷ್, ರಿಪೀಲ್, ರಿವೋಕ್, ರಿಸೈಂಡ್, ಅನಲ್, ಅಬ್ರೊಗೇಟ್ ಅಂತ ಒಂದು ಗುಂಪೇ ಇದೆ. ಡಿಕ್ಷನರಿ ತೆಗೆದರೆ ಎಲ್ಲದಕ್ಕೂ ‘ರದ್ದುಮಾಡು’ ಅಂತ ಸಿಗುತ್ತದೆ. ರದ್ದು ಅನ್ನೋದು ಅರಬ್ಬಿಯಿಂದ ಬಂದು ಕಚೇರಿಗಳಲ್ಲಿ ನೆಲೆ ನಿಂತ ಪದ. ರೈಲೂ ರದ್ದು, ಪರೀಕ್ಷೆಯೂ ರದ್ದು, ಕಾಯ್ದೆಯೂ ರದ್ದು. ಮಾತಿಗೆ ಸಾಕು, ಕೋರ್ಟಿನ ಕಾಗದಕ್ಕೆ ಸಾಲದು. ಹಾಗಾಗಿ ಆ ಪದಗಳಲ್ಲಿ ಯಾವುದು ಬಂದರೂ ಮೊದಲು ಕೇಳಿಕೊಳ್ಳುತ್ತೇನೆ: ಮುಗಿಸಿದವರು ಯಾರು? ಯಾವತ್ತಿನಿಂದ ಮುಗಿಯಿತು? ಎರಡನೆಯದೇ ಮುಖ್ಯ.

ಅನಲ್ ತಗೊಳ್ಳಿ. ಮದುವೆ ಕೇಸುಗಳಲ್ಲಿ ಇದು ಜಾಸ್ತಿ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನ 13ನೇ ಕಲಂ, ಅನಲ್ ಮಾಡುವುದು 12ನೇ ಕಲಂ. ವಿಚ್ಛೇದನ ಅಂದರೆ ಮದುವೆ ಇತ್ತು, ಇವತ್ತಿಗೆ ಮುಗಿಯಿತು. ಅನಲ್ ಅಂದರೆ ಕೋರ್ಟು ಆ ಮದುವೆಯನ್ನೇ ಶೂನ್ಯ ಮಾಡುತ್ತದೆ. ಮಕ್ಕಳಿದ್ದರೆ 16ನೇ ಕಲಂ ಅವರನ್ನು ಕಾಯುತ್ತದೆ, ಅವರು ಕಾನೂನುಬದ್ಧ ಮಕ್ಕಳೇ. ಇಲ್ಲಿ ಸುಮ್ನೆ ‘ಮದುವೆ ರದ್ದಾಗಿದೆ’ ಅಂತ ಬರೆದರೆ ಯಾವುದು ಅಂತ ಗೊತ್ತಾಗುವುದಿಲ್ಲ. ರಿಸೈಂಡ್ ಬರುವುದು ಹೆಚ್ಚಾಗಿ ಕರಾರುಗಳಲ್ಲಿ. ಅಬ್ರೊಗೇಟ್ ನನ್ನ ಮೇಜಿಗೆ ಅಪರೂಪ.

ರಿಪೀಲ್ ಕಾಯ್ದೆಗಳಿಗೇ ಮೀಸಲು. ಸರ್ಕಾರಿ ಕನ್ನಡದಲ್ಲಿ ‘ನಿರಸನ’ ಅನ್ನುತ್ತಾರೆ. ಬಂದ ಕಕ್ಷಿದಾರರಲ್ಲಿ ಹತ್ತಕ್ಕೆ ಒಬ್ಬರಿಗೂ ಆ ಪದ ಗೊತ್ತಿರುವುದಿಲ್ಲ. 2024ರ ಜುಲೈ 1ರಂದು 1860ರ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತಲ್ಲ, ಆಗ ಎಷ್ಟು ಜನ ಕೇಳಿದರು! “ಸರ್, ಕಾಯ್ದೆನೇ ತೆಗೆದಾರಂತೆ, ನನ್ನ ಕೇಸೂ ಹೋಯ್ತಲ್ವಾ?” ಹೋಗಿಲ್ಲ. ಹಳೆ ಕಾಯ್ದೆ ಇದ್ದಾಗ ಆದ ಅಪರಾಧಕ್ಕೆ ಹಳೆ ಕಾಯ್ದೆಯೇ. ಹೊಸ ಸಂಹಿತೆಯ 358ನೇ ಕಲಮಿನಲ್ಲಿ ಅದನ್ನು ಉಳಿಸಿದ್ದಾರೆ. ಹಾಗಾಗಿ ನಿರಸನ ಅಂತ ಬರೆದ ಕಡೆ ಏನು ಉಳಿಯಿತು ಅನ್ನುವ ಸಾಲನ್ನೂ ಬಿಡದೆ ಮಾಡುತ್ತೇನೆ. ಎಷ್ಟೋ ಅನುವಾದಗಳಲ್ಲಿ ಆ ಸಾಲೇ ಮಾಯ.

ಅಬಾಲಿಷ್ ನನಗೆ ಹತ್ತಿರದ ಪದ. ಇದು ಒಂದು ಕಾಗದಕ್ಕೆ ಸಲ್ಲುವುದಲ್ಲ. ಹುದ್ದೆಗೆ, ಪದ್ಧತಿಗೆ, ತಲೆತಲಾಂತರದಿಂದ ನಡೆದು ಬಂದದ್ದಕ್ಕೆ. ಜಗಳೂರು ಕಡೆಯ ನಮ್ಮ ಊರಲ್ಲಿ ಅಜ್ಜ “ಪಟೇಲಿಕೆ ಹೋತು” ಅನ್ನುತ್ತಿದ್ದರು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯನ್ನು ಅವರು ಹೇಳುತ್ತಿದ್ದದ್ದು ಹಾಗೆ. ಪಟೇಲ, ಶಾನುಭೋಗ, ತಳವಾರ, ತೋಟಿ, ವಂಶಪಾರಂಪರ್ಯದ ಹುದ್ದೆಗಳೆಲ್ಲ ಹೋದವು. ಆ ಹುದ್ದೆಗೆ ಇದ್ದ ಇನಾಂ ಜಮೀನು ಸರ್ಕಾರಕ್ಕೆ ಸೇರಿ, ಆಮೇಲೆ ಹಿಡುವಳಿದಾರರಿಗೆ ಮರುಮಂಜೂರಾತಿ ಆಗಬೇಕಿತ್ತು. ತಳವಾರಿಕೆ ಜಮೀನಿನ ಆ ಕಾಗದಗಳನ್ನು ಹಿಡಿದುಕೊಂಡು ಬರುವವರು ಈಗಲೂ ಇದ್ದಾರೆ.

ಇನ್ನೊಂದು, 1976ರ ಜೀತ ಪದ್ಧತಿ ರದ್ದತಿ ಕಾಯ್ದೆ. ಮೊದಲ ಸಲ ಪೂರ್ತಿ ಓದಿದ ದಿನ ನನಗೆ ಮರೆಯುವುದಿಲ್ಲ. ಪದ್ಧತಿಗೆ ಒಂದು ಕ್ರಿಯಾಪದ, ಜೀತದಾಳಿಗೆ ಇನ್ನೊಂದು, ಅವನ ಸಾಲಕ್ಕೆ ಮತ್ತೊಂದು. ಪದ್ಧತಿ ಅಬಾಲಿಷ್ ಆಯಿತು. ಆಳು ಬಿಡುಗಡೆ ಆದ. ಸಾಲ ತೀರಿಸುವ ಹೊಣೆ ‘ಎಕ್ಸ್‌ಟಿಂಗ್ವಿಷ್’ ಆಯಿತು, ದೀಪ ನಂದಿದ ಹಾಗೆ. ‘ಸಾಲ ರದ್ದಾಗಿದೆ’ ಅಂತ ಬರೆಯಲು ಕೈ ಬರಲಿಲ್ಲ. ‘ಸಾಲ ತೀರಿಸುವ ಹೊಣೆ ನಂದಿಹೋಗಿದೆ’ ಅಂತಲೇ ಬರೆದೆ. ಸೀನಿಯರ್ ವಕೀಲರೊಬ್ಬರು ಕಥೆಯಂತಿದೆ ಅಂದರು. ನಾನು ಬದಲಿಸಲಿಲ್ಲ.

ಈಗ ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ಮೊದಲು ಸಂವಿಧಾನದ ಎರಡು ವಿಧಿ ಕೊಡುತ್ತೇನೆ. ಒಂದು 395. ಅದು 1935ರ ಭಾರತ ಸರ್ಕಾರ ಕಾಯ್ದೆಯನ್ನೂ 1947ರ ಸ್ವಾತಂತ್ರ್ಯ ಕಾಯ್ದೆಯನ್ನೂ ರಿಪೀಲ್ ಮಾಡುತ್ತದೆ. ಆದರೆ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಅಪೀಲು ಹೋಗುವುದನ್ನು ಅಬಾಲಿಷ್ ಮಾಡಿದ 1949ರ ಕಾಯ್ದೆಯನ್ನು ಮಾತ್ರ ಮುಟ್ಟುವುದಿಲ್ಲ. ಎರಡೂ ಪದ ಒಂದೇ ವಾಕ್ಯದಲ್ಲಿವೆ. ಎರಡಕ್ಕೂ ರದ್ದು ಅಂತ ಹಾಕಿದವರಿಗೆ ತಮ್ಮ ತಪ್ಪು ಅಲ್ಲೇ ಗೊತ್ತಾಗುತ್ತದೆ.

ಇನ್ನೊಂದು 17. ಅಸ್ಪೃಶ್ಯತೆಯನ್ನು ಅಬಾಲಿಷ್ ಮಾಡಲಾಗಿದೆ ಅಂತ ಹೇಳಿ ಅದು ಅಲ್ಲಿಗೇ ನಿಲ್ಲುವುದಿಲ್ಲ. ಯಾವ ರೂಪದಲ್ಲೂ ಅದನ್ನು ಆಚರಿಸುವುದನ್ನು ನಿಷೇಧಿಸಲಾಗಿದೆ ಅಂತ ಬೇರೆ ಕ್ರಿಯಾಪದ ಇಟ್ಟು ಹೇಳುತ್ತದೆ. ಕಾಗದದಲ್ಲಿ ಹೋದದ್ದು ಊರಲ್ಲಿ ತಾನಾಗೇ ಹೋಗುವುದಿಲ್ಲ ಅಂತ ಬರೆದವರಿಗೆ ಗೊತ್ತಿತ್ತು. ಕಲಿಯುವವರು ಅವಸರದಲ್ಲಿ ಎರಡನ್ನೂ ಸೇರಿಸಿ ‘ರದ್ದುಪಡಿಸಿ ನಿಷೇಧಿಸಲಾಗಿದೆ’ ಅಂತ ಒಂದೇ ಉಸಿರಲ್ಲಿ ಮುಗಿಸುತ್ತಾರೆ. ನಾನು ಹಾಳೆ ವಾಪಸ್ ಕೊಟ್ಟು ಎರಡು ವಾಕ್ಯ ಮಾಡಿಸುತ್ತೇನೆ.